ಸಾಹೇಬರ ಖಾಲಿ ನೋಟ್‌ಬುಕ್

ಮೊನ್ನೆ ಟ್ರಂಕಿನ ತಳದಲ್ಲಿ ನೀಲಿ ರಟ್ಟಿನ ನೋಟ್‌ಬುಕ್ ಒಂದು ಸಿಕ್ಕಿತು. ಮೈತುಂಬ ನುಸಿಗುಳಿಗೆಯ ವಾಸನೆ. ನೋಡುತ್ತಲೇ ಗುರುತು ಹತ್ತಿತು, ಹಳೆಯ ಸಿಟ್ಟೂ ಎದ್ದಿತು. ಬೀದರಿನ ನಮ್ಮ ಹೆಡ್‌ಮಾಸ್ಟರ್ ಸಾಹೇಬರಿಗೆ ನಾನೇ ಕೊಂಡುಕೊಟ್ಟದ್ದು ಅದು.

ಬೀದರ ಆಗಷ್ಟೇ ಮೈಸೂರು ರಾಜ್ಯಕ್ಕೆ ಸೇರಿತ್ತು. ಕನ್ನಡ ಕಲಿಸಲು ನನ್ನನ್ನು ಮೈಸೂರಿನಿಂದ ಅಲ್ಲಿಗೆ ಕಳಿಸಿದ್ದರು; ಟೀಚರಮ್ಮನಾದ ನಾನು ಅಲ್ಲಿಯವರ ಬಾಯಲ್ಲಿ ‘ಅಕ್ಕೋರು’ ಆದೆ. ಸಾಹೇಬರ ಓದುಬರಹವೆಲ್ಲ ಉರ್ದುವಿನಲ್ಲಿ. ಕನ್ನಡ ಮಾತಿಗೇನೂ ಕಡಿಮೆಯಿರಲಿಲ್ಲ, ಗಾಂಧಿ ಗಂಜ್ ಮಾರುಕಟ್ಟೆಯ ಹಮಾಲರ ಜೊತೆ ಕನ್ನಡದಲ್ಲೇ ಜಗಳವಾಡಿ ಗೆದ್ದು ಬರುತ್ತಿದ್ದರು. ಅಕ್ಷರ ಮಾತ್ರ ಒಂದೂ ಬಾರದು. ಅಷ್ಟರಲ್ಲಿ ಮೇಲಿನಿಂದ ಇಂಗ್ಲಿಷ್ ಸುತ್ತೋಲೆ ಬಂತು. ಎಲ್ಲರೂ ಕನ್ನಡದೊಂದಿಗೆ ‘ಅಕ್ವೇಂಟ್’ ಆಗಬೇಕು, ಪರೀಕ್ಷೆ ಪಾಸಾಗದವರಿಗೆ ಹೆಡ್‌ಮಾಸ್ಟರ್ ಹುದ್ದೆ ಇಲ್ಲ.

ಆ ಪದದ ಅರ್ಥವೇನೆಂದು ಸಾಹೇಬರು ಕೇಳಿದರು. ಡಿಕ್ಷನರಿ ನೋಡಿ, “ಪರಿಚಯ ಮಾಡ್ಕೊಳ್ಳೋದು ಸಾರ್” ಎಂದೆ.

“ಪರಿಚಯ ಅಂದ್ರ ಒಮ್ಮಿ ಸಲಾಂ ಹೇಳಿ ಹೋಗೋದಲ್ಲರಿ ಅಕ್ಕೋರ” ಎಂದು ನಕ್ಕರು. “ನಾಕ ಸಲ ಅವ್ರ ಮನಿಗಿ ಹೋಗಬೇಕು. ಅವ್ರು ಯಾವ ಬಾಗಲಿಂದ ಬರ್ತಾರ, ಹ್ಯಾಂಗ ಕೂಡ್ತಾರ, ನೋಡಬೇಕ್ರಿ.”

ದಿನಾ ಶಾಲೆ ಬಿಟ್ಟ ಮೇಲೆ ಕರಿಹಲಗೆಯ ಮುಂದೆ ನಮ್ಮ ಪಾಠ. ಮಗಳ ವಯಸ್ಸಿನವಳ ಹತ್ತಿರ ಬೈಸಿಕೊಂಡು ಬರೆಯುತ್ತಿದ್ದರು. ಒತ್ತಕ್ಷರ ಬಂದರೆ ಸೀಮೆಸುಣ್ಣ ಅಲ್ಲೇ ನಿಲ್ಲುತ್ತಿತ್ತು... ಮನೆಯಲ್ಲಿ ತಿದ್ದಲಿ ಎಂದು ಈ ನೋಟ್‌ಬುಕ್ ಕೊಟ್ಟೆ. ತೋರಿಸಿ ಎಂದರೆ ಅವರಿಗೆ ನಾಚಿಕೆ.

“ದಿನಾ ಬರಿತೇನ್ರಿ. ಪಾಸಾದ ಮ್ಯಾಲ ತೋರಸ್ತೇನ್ರಿ.”

ಪಾಸಾಗಲಿಲ್ಲ. ಕುರ್ಚಿ ಹೋಯಿತು. ಔರಾದಿನ ಶಾಲೆಯೊಂದಕ್ಕೆ ಸಾದಾ ಮಾಸ್ತರರಾಗಿ ವರ್ಗವಾಯಿತು. ಹೊರಡುವ ಹಿಂದಿನ ದಿನ ನೋಟ್‌ಬುಕ್ ನನ್ನ ಕೈಗಿಟ್ಟು ಹೋದರು. ಮನೆಗೆ ಬಂದು ತೆರೆದೆ. ಮೊದಲ ಪುಟ ಖಾಲಿ. ನಾಲ್ಕು ಹಾಳೆ ತಿರುವಿದೆ, ಎಲ್ಲ ಖಾಲಿ. ನನಗೆ ಮೈಯೆಲ್ಲ ಉರಿದುಹೋಯಿತು. ವರ್ಷವಿಡೀ ಗಂಟಲು ಹರಿದುಕೊಂಡದ್ದು ಇದಕ್ಕೇನು? ಮರುದಿನ ಇಡೀ ಶಾಲೆ ಅವರನ್ನು ಬಸ್ಸಿಗೆ ಹತ್ತಿಸಲು ಹೋಯಿತು. ನಾನು ತಲೆನೋವೆಂದು ಹೇಳಿ ಉಳಿದೆ.

ಆಮೇಲೆ ನನಗೂ ವರ್ಗವಾಯಿತು. ನೋಟ್‌ಬುಕ್ಕನ್ನು ಯಾಕೆ ಎಸೆಯಲಿಲ್ಲವೋ ಗೊತ್ತಿಲ್ಲ...

ಮೊನ್ನೆ ಅದು ಕೈಜಾರಿ ನೆಲಕ್ಕೆ ಬಿತ್ತು, ಹಿಂದಿನ ರಟ್ಟು ತೆರೆದುಕೊಂಡಿತು. ಕೊನೆಯ ಪುಟದ ತುಂಬ ಅ ಆ ಇ ಈ. ಅದರ ಹಿಂದಿನ ಪುಟದಲ್ಲಿ ಕಾಗುಣಿತ. ಅದರ ಹಿಂದೆ ಮತ್ತೆ ಮತ್ತೆ ತಿದ್ದಿದ ಒತ್ತಕ್ಷರ. ಉರ್ದು ಪುಸ್ತಕ ಶುರುವಾಗುವುದು ನಾವು ಮುಗಿಸುವ ಕಡೆಯಿಂದ; ಸಾಹೇಬರು ಜೀವಮಾನದ ರೂಢಿಯಂತೆ ಆ ಕಡೆಯಿಂದಲೇ ತೆರೆದು ಬರೆದಿದ್ದರು. ಖಾಲಿ ಉಳಿದದ್ದು ಮುಂದಿನ ನಾಲ್ಕೈದು ಹಾಳೆ, ಅಂದು ನಾನು ತಿರುವಿ ನೋಡಿದವು.

ಅವರು ತೀರಿಕೊಂಡ ಸುದ್ದಿ ಎಂದೋ ಬಂದಿತ್ತು. ಅವರು ಪುಸ್ತಕ ಯಾವ ಕಡೆಯಿಂದ ತೆರೆಯುತ್ತಾರೆಂದು ಜೊತೆಯಲ್ಲಿದ್ದ ಒಂದು ವರ್ಷದಲ್ಲಿ ನಾನು ಒಮ್ಮೆಯೂ ನೋಡಿರಲಿಲ್ಲ. ನೆಲದ ಮೇಲೆ ಕೂತು ಅತ್ತೆ. ಬರೆದ ಕಟ್ಟಕಡೆಯ ಪುಟದಲ್ಲಿ, ಒಂದೂ ತಪ್ಪಿಲ್ಲದ ಎರಡು ಸಾಲಿದ್ದವು.

‘ನಾಳೆ ಔರಾದಿಗೆ ಹೋಗುತ್ತೇನೆ. ಅಕ್ಕೋರು ಬಸ್ಸಿನ ಹತ್ತಿರ ಬರುತ್ತಾರೆ.’