ಮರಿ ಮೊದಲು, ತಾಯಿ ಆಮೇಲೆ

ನಮ್ಮ ಮನೆಯ ಮೂವರನ್ನು ಬಿಟ್ಟರೆ ಜರ್ಮನಿಯಲ್ಲಿ ಕನ್ನಡ ಮಾತಾಡುವವರೇ ಇಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದ ಕಾಲ ಅದು. ಊರಿನಿಂದ ತಂದ ಬ್ಯಾಡಗಿ ಮೆಣಸಿನ ಡಬ್ಬವನ್ನು ಅಮ್ಮ ಬಟ್ಟೆಯ ಕಪಾಟಿನೊಳಗೆ ಇಡುತ್ತಿದ್ದಳು. ಕದಿಯುವವರು ಯಾರೂ ಇರಲಿಲ್ಲ, ಆದರೂ. ಸ್ವೆಟರುಗಳಿಗೆಲ್ಲ ಘಾಟು ಹಿಡಿದು, ಶಾಲೆಯಲ್ಲಿ ನನ್ನ ಪಕ್ಕ ಕೂರುವ ಹುಡುಗ ಆಗಾಗ ಸೀನುತ್ತಿದ್ದ. ಈಗ ಡಾರ್ಮ್‌ಸ್ಟಾಟ್‌ನಲ್ಲಿ ಮಗಳ ಮನೆಯಿಂದ ಟ್ರಾಮ್ ಹತ್ತಿದರೆ ಎರಡನೇ ಸ್ಟಾಪಿನಲ್ಲೇ ಕರಿಬೇವು, ಹುಣಿಸೆಹಣ್ಣು, ಕುಚ್ಚಲಕ್ಕಿ ಸಿಗುತ್ತದೆ. ಟ್ರಾಮಿನಲ್ಲಿ ಹಿಂದಿನ ಸೀಟಿನಿಂದ "ಮಗಾ, ಮನೆ ಸಿಕ್ತಾ?" ಎಂದು ಕೇಳಿಸುತ್ತದೆ. ಒಂದೊಂದು ಸಲ ತಿರುಗಿ ನೋಡಿ ಮಾತಾಡಿಸೋಣ ಅನ್ನಿಸಿದರೂ ನನ್ನ ಸ್ಟಾಪು ಬಂದಾಗ ಇಳಿದುಬಿಡುತ್ತೇನೆ.

ಆ ಒಂದು ಶರತ್ಕಾಲದ ಬಗ್ಗೆ ಬರೆಯಬೇಕೆಂದು ಎಷ್ಟೋ ಸಲ ಕೂತು ಎದ್ದಿದ್ದೇನೆ. ಹೈಸ್ಕೂಲಿನಾಚೆ ಓದಿದವನಲ್ಲ. ಬರೆಯುತ್ತ ಹೋದರೆ ನಾನು ಎಲ್ಲಿ ತಪ್ಪಿದೆ ಎಂಬುದು ನನಗೇ ಕಂಡೀತು ಎಂಬ ಆಸೆ ಅಷ್ಟೆ.

ಅಮ್ಮ ಉಡುಪಿಯಲ್ಲಿ ನರ್ಸ್ ಆಗಿದ್ದಳು. ಚರ್ಚಿನವರ ಮೂಲಕ ಇಲ್ಲಿಯ ಆಸ್ಪತ್ರೆಯೊಂದಕ್ಕೆ ಬಂದಳು, ಹಿಂದೆಯೇ ಅಪ್ಪ ಬಂದು ಕಾರ್ಖಾನೆ ಸೇರಿದರು. ನಾನು ಎರಡು ವರ್ಷ ಅಜ್ಜಿಯ ಮನೆಯಲ್ಲಿದ್ದೆ. ತಿರುವಿನಲ್ಲಿ ಬಸ್ಸು ನಿಂತ ಸದ್ದಾದರೆ ಸಾಕು, ಅಮ್ಮ ಬಂದಳೆಂದು ಅನ್ನ ಬಿಟ್ಟು ಓಡುತ್ತಿದ್ದೆ. ಅಜ್ಜಿ ಬಯ್ಯುತ್ತಿರಲಿಲ್ಲ, ತಟ್ಟೆ ಮುಚ್ಚಿಡುತ್ತಿದ್ದಳು. ಕೊನೆಗೆ ಒಂಬತ್ತನೇ ವಯಸ್ಸಿಗೆ ನನ್ನನ್ನೂ ಕರೆಸಿಕೊಂಡರು.

ಓಡನ್‌ವಾಲ್ಡ್ ಬೆಟ್ಟಗಳ ಬುಡದಲ್ಲಿ ಒಂದು ಹಳ್ಳಿ. ಕೆಳಗೆ ಬೇಕರಿ, ಮೇಲೆ ಬಾಡಿಗೆಗೆ ನಾವು. ನಮ್ಮಂಥ ಕಪ್ಪು ಬಣ್ಣದವರಿಗೆ ಮನೆ ಕೊಡಲು ಊರವರು ಹಿಂದೆಮುಂದೆ ನೋಡುತ್ತಿದ್ದಾಗ ಬೇಕರಿಯ ಯಜಮಾನ ಕ್ರೆಮರ್ ಅವರು, "ಆಸ್ಪತ್ರೆಯವಳು ಬೆಳಗಿನ ಜಾವ ಏಳುತ್ತಾಳೆ, ನಾನೂ ಏಳುತ್ತೇನೆ, ಇನ್ನೇನು ಬೇಕು?" ಎಂದು ಬೀಗದ ಕೈ ಕೊಟ್ಟಿದ್ದರಂತೆ. ನಾನು ಅವರನ್ನು ಓಪಾ ಎನ್ನುತ್ತಿದ್ದೆ, ಅಂದರೆ ಅಜ್ಜ. ಮೆಟ್ಟಿಲ ತುಂಬ ಹುಳಿ ಬಂದ ಹಿಟ್ಟಿನ ವಾಸನೆ. ಸೆಪ್ಟೆಂಬರ್ ಬಂದರೆ ಅದರ ಜೊತೆ ಪ್ಲಮ್ ಹಣ್ಣಿನ ಕೇಕಿನ ವಾಸನೆ, ಕೇಕಿನ ಸುತ್ತ ಕಣಜದ ಹುಳಗಳು. ಮಕ್ಕಳೆಲ್ಲ ದಾರಿಯಲ್ಲಿ ಬಿದ್ದ ಚೆಸ್ಟ್‌ನಟ್ ಬೀಜ ಆರಿಸಿ ತಂದರೆ ಓಪಾ ಒಂದು ಚೀಲಕ್ಕೆ ಒಂದು ಒಣದ್ರಾಕ್ಷಿ ಬನ್ನು ಕೊಡುತ್ತಿದ್ದರು. ಆ ಬೀಜ ಚಳಿಗಾಲದಲ್ಲಿ ಕಾಡಿನ ಜಿಂಕೆಗಳಿಗೆ ಆಹಾರ. ಓಪಾ ಬೇಟೆಗಾರರೂ ಆಗಿದ್ದರು. ಅನ್ನ ಹಾಕುವವರೂ ಅವರೇ, ಹೊಡೆಯುವವರೂ ಅವರೇ. ನನ್ನ ಗಲಿಬಿಲಿ ಅಲ್ಲಿಂದಲೇ ಶುರುವಾಯಿತು.

ಇಲ್ಲಿಯ ಬೇಟೆಯ ಕಾನೂನು ಕೇಳಿದರೆ ತಲೆ ತಿರುಗುತ್ತಿತ್ತು. ಕೋವಿ ಹಿಡಿಯುವ ಮೊದಲು ಪರೀಕ್ಷೆಗೆ ಕೂರಬೇಕು. ಹೆಜ್ಜೆ ನೋಡಿ ಪ್ರಾಣಿ ಹೇಳಬೇಕು, ಕೂಗು ಕೇಳಿ ಹಕ್ಕಿ ಹೇಳಬೇಕು. ಪಾಸಾದರೆ ಲೈಸೆನ್ಸ್, ಅದನ್ನೂ ಆಗಾಗ ಹೊಸದು ಮಾಡಿಸುತ್ತಿರಬೇಕು. ನಮ್ಮ ಕಾಡುಕುರಿಯಷ್ಟೇ ಎತ್ತರದ ಇಲ್ಲಿಯ ಜಿಂಕೆಯಲ್ಲಿ ಗಂಡನ್ನು ಮೇ ತಿಂಗಳಿನಿಂದ ಹೊಡೆಯಬಹುದು, ಹೆಣ್ಣನ್ನೂ ಮರಿಯನ್ನೂ ಸೆಪ್ಟೆಂಬರ್ ಹುಟ್ಟುವವರೆಗೆ ಮುಟ್ಟುವಂತಿಲ್ಲ. ಈ ಕಾಡಿನಲ್ಲಿ ಈ ವರ್ಷ ಇಷ್ಟು ಗಂಡು, ಇಷ್ಟು ಹೆಣ್ಣು, ಇಷ್ಟು ಮರಿ ಎಂದು ಕಚೇರಿಯಿಂದ ಅಪ್ಪಣೆಯಾಗುತ್ತಿತ್ತು. ಹೆಚ್ಚು ಹೊಡೆದರೆ ತಪ್ಪು ಅನ್ನುವುದು ನನಗೆ ತಿಳಿಯುತ್ತಿತ್ತು. ಕಡಿಮೆ ಹೊಡೆದರೂ ತಪ್ಪು ಅನ್ನುವುದು ತಿಳಿಯುತ್ತಿರಲಿಲ್ಲ. ಕಾರಿಗೆ ಸಿಕ್ಕಿ ಸತ್ತ ಜಿಂಕೆ ಕೂಡ ಅದೇ ಲೆಕ್ಕಕ್ಕೆ ಸೇರುತ್ತಿತ್ತು.

ಅಪ್ಪನಿಗೆ ಇದೆಲ್ಲ ತಮಾಷೆ. "ನಮ್ಮ ಊರಲ್ಲಿ ಹಂದಿ ಎದುರು ಬಂತು ಅಂದ್ರೆ ಸೀಸನ್ ಶುರು, ಓಡಿಹೋಯ್ತು ಅಂದ್ರೆ ಸೀಸನ್ ಮುಗೀತು. ಇಲ್ಲಿ ನೋಡು ಮಾರಾಯ, ಜಿಂಕೆಗೂ ರಜೆ ಉಂಟು. ನಂಗಿಲ್ಲ!"

"ನಿಮಗೆ ರಜೆ ಕೊಟ್ಟರೆ ನೀವು ಅಡುಗೆಮನೆಗೇ ಬೇಟೆಗೆ ಬರ್ತೀರಿ" ಎನ್ನುತ್ತಿದ್ದಳು ಅಮ್ಮ.

ಓಪಾ ಮಧ್ಯರಾತ್ರಿ ಕಳೆದೊಡನೆ ಎದ್ದು ಒಲೆ ಹೊತ್ತಿಸುವವರು. ಸಂಜೆ ಕಾಡಿನ ಅಂಚಿನ ಅಟ್ಟಣೆ ಹತ್ತಿ ಕೂತರೆ ಅವರಿಗೆ ನಿದ್ದೆ ತಡೆಯಲಾಗುತ್ತಿರಲಿಲ್ಲ. ಮುಸ್ಸಂಜೆಯಲ್ಲಿ ಕಣ್ಣೂ ಅಷ್ಟಕ್ಕಷ್ಟೆ. ಆ ಸಲ ಸೀಸನ್ ಶುರುವಾದಾಗ ಅವರು ನನ್ನನ್ನು ಜೊತೆಗೆ ಕರೆದರು. ನನ್ನ ಕೆಲಸ, ನೋಡುವುದು ಮತ್ತು ಅವರನ್ನು ಎಬ್ಬಿಸುವುದು. ಜಿಂಕೆ ಬಿದ್ದರೆ ಓಕ್ ಮರದ ಎರಡು ಹಸಿರು ಚಿಗುರು ಮುರಿಯುತ್ತಾರಂತೆ. ಒಂದು ಜಿಂಕೆಯ ಬಾಯಿಗೆ, ಕೊನೆಯ ತುತ್ತು. ಇನ್ನೊಂದು ಹೊಡೆದವರ ಟೋಪಿಗೆ. "ನಿನ್ನ ಕಣ್ಣಿಗೆ ಬಿದ್ದ ಜಿಂಕೆಯಾದರೆ ಚಿಗುರು ನಿನ್ನ ಟೋಪಿಗೆ" ಎಂದರು ಓಪಾ. ನಾನು ಆ ಟೋಪಿಯನ್ನು ತಲೆದಿಂಬಿನ ಪಕ್ಕ ಇಟ್ಟುಕೊಂಡು ಮಲಗುತ್ತಿದ್ದೆ.

ಮೊದಲ ದಿನವೇ ಪಿಸುದನಿಯಲ್ಲಿ ಪಾಠವಾಯಿತು.

"ಮರಿ ಮೊದಲು, ತಾಯಿ ಆಮೇಲೆ. ಇದನ್ನು ಮರೆಯಬೇಡ, ಹುಡುಗಾ."

"ಯಾಕೆ ಓಪಾ?"

"ತಾಯಿ ಹೋದರೆ ಮರಿ ಚಳಿಗಾಲ ದಾಟೋದಿಲ್ಲ. ಎಲ್ಲಿ ಮೇಯಬೇಕು, ಯಾವಾಗ ಓಡಬೇಕು, ಯಾರು ಹೇಳಿಕೊಡ್ತಾರೆ? ಮರಿ ಇರುವ ತಾಯಿಯನ್ನು ಹೊಡೆದವನು ಬೇಟೆಗಾರನೇ ಅಲ್ಲ."

"ಮರಿ ಹೋದರೆ ತಾಯಿ?"

ಅವರು ದುರ್ಬೀನು ಒರೆಸುತ್ತ, "ಸ್ವಲ್ಪ ದಿನ ಹುಡುಕುತ್ತದೆ. ಆಮೇಲೆ ಬದುಕುತ್ತದೆ" ಎಂದರು.

ರಾತ್ರಿ ಊಟಕ್ಕೆ ಕೂತಾಗ ಇದನ್ನು ಮನೆಯಲ್ಲಿ ಹೇಳಿದೆ. "ಅಮ್ಮ, ಮರಿಯನ್ನೇ ಮೊದಲು ಹೊಡೆಯೋದಂತೆ."

"ಅದು ಅವರ ಕಾನೂನು ಮಗಾ. ಎಂತದೋ ಕಾರಣ ಇರ್ತದೆ."

"ತಾಯಿ ಇಲ್ಲದೆ ಮರಿ ಇರೋದಿಲ್ಲಂತೆ. ಎಂತಕ್ಕೆ, ಅದಕ್ಕೆ ಅಜ್ಜಿ ಇಲ್ವಾ?"

ಅಪ್ಪ ದೊಡ್ಡದಾಗಿ ನಕ್ಕರು. ಅಮ್ಮ ನಗಲಿಲ್ಲ. ಅರ್ಧ ಉಂಡ ತಟ್ಟೆ ಎತ್ತಿಕೊಂಡು ತೊಳೆಯಲು ಹೋದಳು, ಬಹಳ ಹೊತ್ತು ನಲ್ಲಿಯ ನೀರು ಹರಿಯುತ್ತಲೇ ಇತ್ತು.

ಅದಾದ ಕೆಲವೇ ದಿನಗಳಲ್ಲಿ ಆ ಸಂಜೆ ಬಂತು. ಕೊಯ್ಲಾದ ಜೋಳದ ಹೊಲದ ಮೇಲೆ ಮಂಜು ಹಬ್ಬುತ್ತಿತ್ತು. ಓಪಾ ಗದ್ದವನ್ನು ಎದೆಗೆ ಒರಗಿಸಿ ಸಣ್ಣಗೆ ಗೊರಕೆ ಹೊಡೆಯುತ್ತಿದ್ದರು. ಕಾಡಿನಿಂದ ಹೆಣ್ಣು ಜಿಂಕೆ ಹೊರಗೆ ಬಂತು, ಹಿಂದೆಯೇ ಮರಿ. ತಾಯಿ ಮುಂದೆ ಮೇಯುತ್ತ ಬಂತು. ಮರಿ ಹೊಲದ ಅಂಚಿನ ಎತ್ತರದ ಹುಲ್ಲಿನಲ್ಲಿ ಎರಡು ಸುತ್ತು ತಿರುಗಿ ಮಲಗಿಬಿಟ್ಟಿತು. ಕಿವಿಯ ತುದಿಯೂ ಕಾಣದ ಹಾಗೆ. ಕಂಡದ್ದು ನನಗೊಬ್ಬನಿಗೆ.

ನಾನು ಓಪಾ ಅವರನ್ನು ತಟ್ಟಿದೆ. ಯಾಕೆ ತಟ್ಟಿದೆ? ತಟ್ಟದಿದ್ದರೆ ಏನೂ ಆಗುತ್ತಿರಲಿಲ್ಲ. ಟೋಪಿಯ ಚಿಗುರು ಬೇಕಿತ್ತು, ಇನ್ನೇನಲ್ಲ. ಅವರು ಕಣ್ಣುಜ್ಜಿ ದುರ್ಬೀನಿನಲ್ಲಿ ನೋಡಿದರು, ಸುತ್ತ ಹುಡುಕಿದರು, ನನ್ನ ಕಿವಿಯ ಹತ್ತಿರ ಬಗ್ಗಿ ಕೇಳಿದರು: "ಮರಿ?"

ನಾನು ಇಲ್ಲವೆಂದು ತಲೆ ಅಲ್ಲಾಡಿಸಿದೆ.

ಹೌದು ಎಂದರೆ ಮೊದಲು ಮರಿಯನ್ನು ಹೊಡೆಯುತ್ತಾರೆ ಎಂದು ಗೊತ್ತಿತ್ತು. ಇಲ್ಲವೆಂದರೆ ಮರಿ ಉಳಿಯುತ್ತದೆ. ಅಮ್ಮ ಇಲ್ಲದೆ ನಾನು ಎರಡು ವರ್ಷ ಇದ್ದೆನಲ್ಲ, ಅದೂ ಇರುತ್ತದೆ. ನನ್ನ ತಲೆಯಲ್ಲಿ ಓಡಿದ್ದು ಇಷ್ಟೇ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಆದರೆ ಒಂದು ಸಲ ಕೆಮ್ಮಿದ್ದರೆ ಸಾಕಿತ್ತು. ಎರಡೂ ಓಡಿ ಹೋಗುತ್ತಿದ್ದವು, ಸುಳ್ಳೂ ಬೇಕಿರಲಿಲ್ಲ. ಕೆಮ್ಮು ನೆನಪಿಗೇ ಬರಲಿಲ್ಲವೋ, ಬಂದರೂ ಚಿಗುರಿನ ಆಸೆಗೆ ನುಂಗಿಕೊಂಡೆನೋ, ಈಗ ಹೇಳಲಾರೆ. ಮರಿಯ ಮೇಲಿನ ಕರುಣೆ ಎಷ್ಟು, ಟೋಪಿಯ ಆಸೆ ಎಷ್ಟು ಎಂದು ಬೇರೆ ಮಾಡಲು ಹೋದಾಗಲೆಲ್ಲ ಎರಡೂ ಕಲಸಿಹೋಗುತ್ತವೆ.

ಕೋವಿ ಸಿಡಿಯಿತು. ಜಿಂಕೆ ಬಿತ್ತು. ಸ್ವಲ್ಪ ಹೊತ್ತು ಕಾದು ಕೆಳಗಿಳಿದೆವು. ಓಪಾ ಒಂದು ಚಿಗುರು ಮುರಿದು ಜಿಂಕೆಯ ಬಾಯಿಗಿಟ್ಟರು, ಇನ್ನೊಂದನ್ನು ಕೈಯಲ್ಲಿ ಹಿಡಿದಿದ್ದರು. ಆಮೇಲೆ ಮಂಡಿಯೂರಿ ಅದರ ಕೆಚ್ಚಲು ಮುಟ್ಟಿ ನೋಡಿದರು. ಯಾವಾಗಲೂ ಹಿಟ್ಟು ಮೆತ್ತಿರುತ್ತಿದ್ದ ಆ ಬೆರಳುಗಳ ಮೇಲೆ ಹಾಲು ಇತ್ತು.

ಮಂಡಿಯೂರಿದಲ್ಲಿಂದಲೇ ನನ್ನ ಕಡೆ ತಿರುಗಿದರು.

"ನೀನು ಮರಿ ನೋಡಲಿಲ್ಲವಾ?"

"ಇಲ್ಲ ಓಪಾ."

"ನಾನು ನಿದ್ದೆ ಮಾಡುತ್ತಿದ್ದೆ" ಎಂದರು, ನನಗಲ್ಲ, ಜಿಂಕೆಗೆ ಹೇಳಿದ ಹಾಗೆ. ಇನ್ನೊಂದು ಚಿಗುರನ್ನು ಹುಲ್ಲಿನ ಮೇಲೆ ಇಟ್ಟುಬಿಟ್ಟರು. ನನ್ನ ಟೋಪಿ ಹಾಗೇ ಉಳಿಯಿತು.

ಮರುದಿನದಿಂದ ಓಪಾ ಪ್ರತಿ ಸಂಜೆ ಆ ಮರಿಯನ್ನು ಹುಡುಕಿಕೊಂಡು ಹೋದರು, ಹೊಡೆಯಲು. ಹಸಿವಿನಿಂದ ಸಾಯುವುದಕ್ಕಿಂತ ಅದೇ ಕರುಣೆಯಂತೆ. "ನಿನ್ನ ಕಣ್ಣು ಬೇಕು" ಎಂದು ನನ್ನನ್ನೂ ಕರೆದರು. ಬೀಚ್ ಮರದ ಎಲೆಯನ್ನು ಎರಡು ಹೆಬ್ಬೆರಳ ನಡುವೆ ಬಿಗಿಹಿಡಿದು ಊದಿದರೆ ತಾಯಿಜಿಂಕೆ ಮರಿಯನ್ನು ಕರೆಯುವ ಸಣ್ಣ ಕೀರಲು ದನಿ ಬರುತ್ತಿತ್ತು. ಅವರು ಊದುತ್ತಿದ್ದರು, ನಾನು ಬಾರದಿರಲಿ ಬಾರದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಒಂದು ಸಂಜೆ ಅದು ಬಂತು. ಕರೆದ ಕೂಡಲೇ ಪೊದೆಯಿಂದ ತಲೆ ಹೊರಹಾಕಿ, ಕಿವಿ ನಿಮಿರಿಸಿ, ನೇರ ನಮ್ಮ ಕಡೆ ನೋಡುತ್ತ ನಿಂತಿತು. ಹೊಟ್ಟೆ ಆಗಲೇ ಬೆನ್ನಿಗಂಟಿತ್ತು. ತಿರುವಿನಲ್ಲಿ ಬಸ್ಸು ನಿಂತಾಗ ನಾನು ಹೇಗೆ ನಿಂತಿರುತ್ತಿದ್ದೆನೋ ಹಾಗೆ ನಿಂತಿತ್ತು. ಓಪಾಗೆ ಕಾಣಲಿಲ್ಲ. "ಏನಾದರೂ ಉಂಟಾ?" ಎಂದರು. "ಏನಿಲ್ಲ" ಎಂದೆ. ಮೂರನೇ ಸಲ. ಆಮೇಲೆ ಅದನ್ನು ಯಾರೂ ಕಾಣಲಿಲ್ಲ. ಆ ವರ್ಷ ಹಿಮ ಬೇಗ ಬಿತ್ತು.

ಎರಡನೇ ಮಹಾಯುದ್ಧ ಮುಗಿದ ಮೇಲೆ ಕೆಲವು ವರ್ಷ ಜರ್ಮನ್ನರ ಕೈಗೆ ಕೋವಿ ಕೊಡುತ್ತಿರಲಿಲ್ಲವಂತೆ. ಆ ಲೈಸೆನ್ಸ್ ಮತ್ತೆ ಕೈಗೆ ಬಂದ ದಿನ ಊರಿಗೆಲ್ಲ ಬನ್ನು ಹಂಚಿದ್ದೆ ಎಂದು ಓಪಾ ಹೇಳಿಕೊಳ್ಳುತ್ತಿದ್ದರು. ಆ ಚಳಿಗಾಲದಲ್ಲಿ ಅವರು ಅದನ್ನು ಹೊಸದು ಮಾಡಿಸಲಿಲ್ಲ. ಜೊತೆಯ ಬೇಟೆಗಾರರು ಬಂದು ಬೇಟೆ ಬಿಡಬೇಡ ಎಂದು ಹೇಳಿದರು, ಎಲ್ಲರಿಗೂ ಒಂದಲ್ಲ ಒಂದು ದಿನ ಹೀಗಾಗುತ್ತದೆ ಎಂದರು. ಓಪಾ ಒಲೆಯ ಮುಂದೆ ನಿಂತುಕೊಂಡೇ, "ನಿದ್ದೆಗಣ್ಣಲ್ಲಿ ಗುರಿ ಇಟ್ಟವನ ಹತ್ತಿರ ಲೈಸೆನ್ಸ್ ಇರಬಾರದು" ಎಂದರು. ಕೋವಿ ಮಾರಿದರು. ನಾನು ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಂಡೆ. ಕೆಳಗಿಳಿದು ಒಂದು ಮಾತು ಹೇಳಿದ್ದರೆ ಅವರ ಮೇಲಿನ ಭಾರ ಇಳಿಯುತ್ತಿತ್ತು. ಹೇಳಿದರೆ ನಮ್ಮನ್ನು ಮನೆ ಬಿಡಿಸುತ್ತಾರೆ, ನನ್ನನ್ನು ಮತ್ತೆ ಅಜ್ಜಿಯ ಮನೆಗೆ ಕಳಿಸುತ್ತಾರೆ ಎಂದು ಹೆದರಿದೆ. ಅವರು ಹಾಗೆ ಮಾಡುವವರಲ್ಲ ಎಂದು ಆಗಲೂ ಗೊತ್ತಿತ್ತು.

ಮುಂದಿನ ಶರತ್ಕಾಲದಲ್ಲೂ ನಾನು ಚೆಸ್ಟ್‌ನಟ್ ತಂದೆ. ಓಪಾ ಬನ್ನು ಕೊಟ್ಟರು, ಎಂದಿನಂತೆ ದೊಡ್ಡದನ್ನೇ ಆರಿಸಿ. ಅದಾದ ಮೇಲೆ ನಾವು ಊರಿಗೆ ಮರಳಿದೆವು.

ಈಗ ಮಗಳಿಗೆ ಇಲ್ಲಿ ಕೆಲಸ. ನಾನು ಅವಳ ಜೊತೆ ಇದ್ದೇನೆ. ಮೊಮ್ಮಗಳು ರೀನಾಗೆ ಹತ್ತು ವರ್ಷ. ಕನ್ನಡದಲ್ಲಿ ಕೇಳಿದರೆ ಜರ್ಮನ್‌ನಲ್ಲಿ ಉತ್ತರ ಕೊಡುತ್ತಾಳೆ. ನನ್ನ ಜರ್ಮನ್ ಹನ್ನೊಂದನೇ ವಯಸ್ಸಿಗೇ ನಿಂತುಹೋದದ್ದು, ಹಾಗಾಗಿ ನಮ್ಮಿಬ್ಬರಿಗೆ ಸರಿಹೊಂದುತ್ತದೆ. ಹೋದ ಸೆಪ್ಟೆಂಬರಿನಲ್ಲಿ ಅವಳನ್ನು ಕರೆದುಕೊಂಡು ಆ ಹಳ್ಳಿಗೆ ಬಸ್ಸಿನಲ್ಲಿ ಹೋದೆ. ಬೇಕರಿ ಇದ್ದಲ್ಲಿ ಉಗುರಿಗೆ ಬಣ್ಣ ಹಚ್ಚುವ ಅಂಗಡಿ. ಬಾಗಿಲು ತೆರೆದಾಗ ಒಳಗಿಂದ ಯಾವುದೋ ಔಷಧಿಯ ವಾಸನೆ ಬಂತು. ಸಮಾಧಿಯಾದರೂ ಇರುತ್ತದೆ, ಅಲ್ಲಿ ನಿಂತು ಹೇಳೋಣ ಎಂದು ಚರ್ಚಿನ ಹಿಂದೆ ಹೋದೆವು. ಹೂಗಿಡಕ್ಕೆ ನೀರು ಹಾಕುತ್ತಿದ್ದ ಹೆಂಗಸು, "ಕ್ರೆಮರ್? ಅವಧಿ ಮುಗಿದು ಎಷ್ಟೋ ವರ್ಷವಾಯ್ತಲ್ಲ" ಎಂದಳು. ಇಲ್ಲಿ ಸಮಾಧಿಯ ಜಾಗವೂ ಗುತ್ತಿಗೆಯಂತೆ. ಮುಂದುವರಿಸುವವರಿಲ್ಲದಿದ್ದರೆ ಕಲ್ಲು ತೆಗೆದು ನೆಲ ಸಮ ಮಾಡುತ್ತಾರೆ. ಅವಳು ತೋರಿಸಿದ ಕಡೆ ಹುಲ್ಲು ಇತ್ತು. ಹುಲ್ಲಿಗೆ ಏನು ಹೇಳಲಿ? ಹೊರಟುಬಂದೆ.

ಬಸ್ಸಿಗೆ ಇನ್ನೂ ಹೊತ್ತಿತ್ತು. ಊರಾಚೆಯ ಸ್ಟಾಪಿನ ಎದುರು ಕೊಯ್ಲಾದ ಜೋಳದ ಹೊಲ, ಮಂಜು, ಕಾಡಿನ ಅಂಚಿನಲ್ಲಿ ಒಂದು ಅಟ್ಟಣೆ. ಕಾಡಿನಿಂದ ಜಿಂಕೆಯೊಂದು ಹೊರಬಂದದ್ದು ನನಗೂ ಕಂಡಿತು.

"ಓಪಾ, ಎರಡು ಇವೆ! ಹಿಂದೆ ಸಣ್ಣದು!" ಎಂದು ರೀನಾ ಪಿಸುಗುಟ್ಟಿದಳು. ಯಾರೂ ಕೇಳದೆಯೇ ಹೇಳಿಬಿಟ್ಟಳು.

"ಆ ಅಟ್ಟಣೆಯಲ್ಲಿ ಯಾರಾದರೂ ಇದ್ದಾರಾ ಮಗಾ?"

"ಗೊತ್ತಿಲ್ಲ."

ನಾನು ಕೆಮ್ಮಿದೆ. ಎದೆಯಿಂದ, ನೋಯುವಷ್ಟು ಜೋರಾಗಿ. ಎರಡೂ ನೆಗೆದು ಕಾಡಿನೊಳಗೆ ಮಾಯವಾದವು. ಅಟ್ಟಣೆಯಿಂದ ಗಂಡಸಿನ ಸಿಟ್ಟಿನ ದನಿ ಬಂತು: "ಏಯ್! ಯಾರದು ಅಲ್ಲಿ?"

ನಾನು ಎದ್ದುನಿಂತು ಕೂಗಿದೆ, ಆ ಹನ್ನೊಂದು ವರ್ಷದ ಹುಡುಗನ ಜರ್ಮನ್‌ನಲ್ಲಿ: "ಕ್ಷಮಿಸಿ! ನಾನೇ! ತಪ್ಪು ನನ್ನದು! ಕ್ಷಮಿಸಿ!" ಮುಖ ಕಾಣದ ಆ ಮನುಷ್ಯ ಗಲಿಬಿಲಿಗೊಂಡು, "ಆಯ್ತು, ಬಿಡಿ, ಪರವಾಗಿಲ್ಲ" ಎಂದ. ನಾನು ಮತ್ತೊಮ್ಮೆ ಕೂಗಿದೆ. ಇನ್ನೊಮ್ಮೆ.

ರೀನಾ ನನ್ನ ಕೋಟು ಹಿಡಿದು ಎಳೆದಳು. "ಒಂದು ಸಲ ಹೇಳಿದರೆ ಸಾಕು, ಓಪಾ."