ಬಂಗಾರಗುಂಡಿಯ ಕಲ್ಲು

ನನ್ನ ಬಾಲ್ಯದ ಮಧ್ಯಾಹ್ನಗಳಿಗೆಲ್ಲ ಒಂದೇ ಸದ್ದು. ಅಜ್ಜಿ ಹಿತ್ತಿಲ ಬಾಗಿಲಲ್ಲಿ ಕೂತು ಕಲ್ಲಿನ ಮೇಲೆ ಬಜೆ ಬೇರು ತೇಯುತ್ತಿದ್ದಳು. ಸರ್ರ್, ಸರ್ರ್. ಚಾಪೆಯ ಮೇಲೆ ಮಲಗಿದ ನನಗೆ ಅದು ಎಚ್ಚರದಲ್ಲಿ ಕೇಳಿಸುತ್ತಿತ್ತೋ ನಿದ್ದೆಯಲ್ಲೋ, ಇವತ್ತಿಗೂ ಗೊತ್ತಿಲ್ಲ. ಈಗಲೂ ಕಣ್ಣು ಮುಚ್ಚಿದರೆ ಬಜೆಯ ವಾಸನೆ ಮೊದಲು ಬರುತ್ತದೆ, ಅಜ್ಜಿಯ ಮುಖ ಆಮೇಲೆ.

ಆ ಕಲ್ಲು ಬಂದದ್ದು ಊರ ಹಿಂದಿನ ಗುಡ್ಡದಿಂದ. ಹಳದೀಪುರದಲ್ಲಿ ಬಸ್ಸಿಳಿದು ಮೂಡಣಕ್ಕೆ ನಡೆದರೆ ಸಿಗುವ ಗುಡ್ಡ. ಯಾವ ಕಾಲದಲ್ಲೋ ಯಾರೋ ಚಿನ್ನಕ್ಕೆಂದು ಅಗೆದು ಬಿಟ್ಟುಹೋದ ಹೊಂಡಗಳು ಅಲ್ಲಿವೆ. ನಾವು ಬಂಗಾರಗುಂಡಿ ಅನ್ನುತ್ತೇವೆ. ಒಳಗೆಲ್ಲ ಈಗ ಗೇರುಮರ. ನಡು ತಗ್ಗಾದ ಆ ಕರಿಕಲ್ಲನ್ನು ಅಜ್ಜಿಯ ಅತ್ತೆ ಸೌದೆಗೆ ಹೋದಾಗ ತಲೆಯ ಮೇಲೆ ಹೊತ್ತು ತಂದಿದ್ದಳಂತೆ.

ಹುಟ್ಟಿದ ಮಗುವಿಗೆ ಬಜೆಯ ಜೊತೆ ಬಂಗಾರ ತೇದು ನಾಲಿಗೆಗೆ ಹಚ್ಚುವುದು ನಮ್ಮ ಕಡೆಯ ರೂಢಿ. ಉಂಗುರವನ್ನೋ ಬಳೆಯನ್ನೋ ಒಂದು ಸುತ್ತು ತೇದರಾಯಿತು. ನಮ್ಮ ಮನೆಯಲ್ಲಿ ತೇಯಲು ಬಂಗಾರವೆಲ್ಲಿತ್ತು?

“ಕಲ್ಲೊಳಗೇ ಬಂಗಾರ ಉಂಟಲ, ಮತ್ತೆಂತಕೆ ಉಂಗುರ?” ಅನ್ನುತ್ತಿದ್ದಳು ಅಜ್ಜಿ.

ಬಂಗಾರಗುಂಡಿಯ ಕಲ್ಲೆಂದರೆ ಮುಗಿಯಿತು, ಯಾರೂ ಎರಡು ಮಾತಾಡಲಿಲ್ಲ. ಉಂಗುರವಿಲ್ಲದ ಮನೆಯ ಮಕ್ಕಳೆಲ್ಲ ನಮ್ಮ ಹಿತ್ತಿಲಿಗೆ ಬಂದವು. ಮೀನು ಮಾರುವವಳು ಬುಟ್ಟಿ ಇಳಿಸಿ ಮೊಮ್ಮಗನನ್ನು ಮುಂದೆ ಹಿಡಿದಳು. ಭಟ್ಕಳದಿಂದ ಬಟ್ಟೆಯ ಗಂಟು ಹೊತ್ತು ಬರುತ್ತಿದ್ದ ಸಾಹೇಬರು ತೇದ ಬಜೆಯನ್ನು ಬಾಳೆಲೆ ಚೂರಿನಲ್ಲಿ ಕಟ್ಟಿಸಿಕೊಂಡು ಹೋದರು. ಪ್ರತಿ ಮಗುವಿನ ನಾಲಿಗೆಗೂ ಬೆರಳು ತಾಗಿಸಿ, ತಲೆ ಮುಟ್ಟಿ, “ಗಟ್ಟಿಯಾಗು ಮಗಾ” ಅನ್ನುವಳು ಅಜ್ಜಿ. ಅವಳ ನಂತರ ಅದೇ ಜಾಗದಲ್ಲಿ ಅಮ್ಮ ಕೂತಳು.

ಕಳೆದ ವರ್ಷ ಹಳೆಯ ಗಣಿಗಳ ಅಧ್ಯಯನ ಮಾಡುವ ಹುಡುಗಿಯೊಬ್ಬಳು ಗುಡ್ಡ ನೋಡಲು ಬಂದಳು. ನೀರು ಕೇಳಿಕೊಂಡು ಹಿತ್ತಿಲಿಗೆ ಬಂದವಳು ಕಲ್ಲಿನ ಮುಂದೆ ಕೂತೇಬಿಟ್ಟಳು. ಗಣಿಯವರು ಅದಿರು ಅರೆಯುತ್ತಿದ್ದ ಕಲ್ಲಂತೆ, ಬಹಳ ಅಪರೂಪವಂತೆ, ವಸ್ತುಸಂಗ್ರಹಾಲಯದಲ್ಲಿ ಇರಬೇಕಂತೆ.

“ಇದರಲ್ಲಿ ಬಂಗಾರ ಎಷ್ಟುಂಟು?” ಅಮ್ಮ ಕೇಳಿದಳು.

“ಇಲ್ಲಮ್ಮ. ಬಂಗಾರ ಇದ್ದದ್ದು ಅದಿರಿನಲ್ಲಿ. ಇದು ಬರೀ ಗಟ್ಟಿ ಕಲ್ಲು.”

ನನಗೆ ಮೈಯೆಲ್ಲ ಉರಿಯಿತು. ಕೇಳಿದ್ದಕ್ಕೆಲ್ಲ ನಿಜವನ್ನೇ ಹೇಳಬೇಕೆಂದು ಇವಳಿಗೆ ಯಾರು ಕಲಿಸಿದರೋ! ಅವಳು ಪಾಪ, ಬೆರಳಾಡಿಸುತ್ತ ಇನ್ನೊಂದು ತೋರಿಸಿದಳು. ದೊಡ್ಡ ತಗ್ಗಿನೊಳಗೆ ಮತ್ತೊಂದು ಸಣ್ಣ ತಗ್ಗು, ಅಂಗೈಯಷ್ಟು ನುಣುಪು. ಇದು ಗಣಿಯವರದ್ದಲ್ಲ, ಈಚಿನದು ಅಂದಳು. ಅಜ್ಜಿ ಮತ್ತು ಅಮ್ಮ ಸವೆಸಿದ್ದು ಅದು. ಅಲ್ಲಿದ್ದ ಕಲ್ಲೆಲ್ಲ ನಮ್ಮ ಹೊಟ್ಟೆ ಸೇರಿತ್ತು.

ಅಮ್ಮ ಆ ಸಣ್ಣ ತಗ್ಗಿನಲ್ಲಿ ಬೆರಳಿಟ್ಟು, “ಕೊಡುವ. ಸಣ್ಣವಳ ಬಾಳಂತನ ಒಂದು ಆಗ್ಲಿ” ಅಂದಳು. ಕುಮಟೆಯಲ್ಲಿರುವ ನನ್ನ ತಂಗಿ ವರ್ಷಗಟ್ಟಲೆ ಕಾದು ಬಸುರಿಯಾಗಿದ್ದಳು. ಆ ಕೂಸಿನ ನಾಲಿಗೆಗೆ ಒಂದು ಸಲ ಬೆರಳು ತಾಗಿಸಿದರೆ ಸಾಕು, ಅಮ್ಮನಿಗೆ ಬೇರೆ ಆಸೆಯಿರಲಿಲ್ಲ.

ಮಳೆ ಮುಗಿಯುವ ಹೊತ್ತಿಗೆ ಕೂಸು ಬಂತು. ತಂಗಿ ಬಾಳಂತನಕ್ಕೆ ನಮ್ಮಲ್ಲಿಗೇ ಬಂದಳು. ಕಲ್ಲು ಒಯ್ಯಲು ಹುಡುಗಿ ಬರುವ ದಿನ ಬೆಳಿಗ್ಗೆ ಅಮ್ಮ ಮಿಂದು, ಹಿತ್ತಿಲ ಬಾಗಿಲಲ್ಲಿ ಕೂತು ಬಜೆ ತೇದಳು. ಸರ್ರ್, ಸರ್ರ್. ಮನೆಯೆಲ್ಲ ಆ ವಾಸನೆ. ಕೈಯಲ್ಲಿ ಪಾತ್ರೆ ತೊಳೆಯುತ್ತಿದ್ದರೂ ಮನಸ್ಸಿನಲ್ಲಿ ನಾನು ಮತ್ತೆ ಚಾಪೆಯ ಮೇಲೆ ಮಲಗಿದ್ದೆ, ಅಜ್ಜಿ ಇದ್ದಳು.

ಅಮ್ಮ ಬೆರಳ ತುದಿಯಲ್ಲಿ ಬಜೆಯ ಗಂಧ ಹಿಡಿದು ತೊಟ್ಟಿಲಿಗೆ ಬಂದಳು. ತಂಗಿ ಮಗುವಿನ ಬಾಯಿಗೆ ಅಂಗೈ ಅಡ್ಡ ಹಿಡಿದಳು.

“ಬೇಡ ಅಮ್ಮಾ. ಆರು ತಿಂಗಳು ಎದೆಹಾಲು ಬಿಟ್ಟು ಎಂತದೂ ಕೊಡೂದಲ್ಲ ಹೇಳಿದಾರೆ ಡಾಕ್ಟ್ರು.”

ತಂಗಿಯದು ತಪ್ಪಲ್ಲ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. “ಆತು, ಆತು” ಅಂದಳು ಅಮ್ಮ. ಆದರೆ ಅವಳ ಬೆರಳು ಅಲ್ಲೇ ನಿಂತಿತ್ತು, ಎಲ್ಲಿ ಒರೆಸಬೇಕೆಂದು ತಿಳಿಯದೆ. ನನಗೆ ಅದನ್ನು ನೋಡಲಾಗಲಿಲ್ಲ.

ಒದ್ದೆ ಕೈಯಲ್ಲೇ ಎದ್ದು ಬಂದು ಅಮ್ಮನೆದುರು ಕೂತು ಬಾಯಿ ತೆರೆದೆ.

ಕಹಿ. ಹಲ್ಲಿನಡಿ ಸಣ್ಣಗೆ ಕಲ್ಲಿನ ಪುಡಿ. ಅಂಗಳದಲ್ಲಿ ಗಾಡಿ ನಿಂತ ಸದ್ದಾಯಿತು. ಅಮ್ಮ ಅತ್ತ ತಿರುಗಲಿಲ್ಲ. ನನ್ನ ನರೆತ ತಲೆ ಮುಟ್ಟಿ, “ಗಟ್ಟಿಯಾಗು ಮಗಾ” ಅಂದಳು.