ಸಹಾಯಕ ಕೋಚ್ ಯುಜಿನ್ ಮರೆತು ಬಂದ ಕಾರ್ಡು

ದುಬೈಯಿಂದ ಒಂದೂವರೆ ಗಂಟೆ ದಾರಿಯ ಅಲ್ ಐನ್ ಊರಿನ ಆ ಖಾಸಗಿ ಕಾಲೇಜಿನ ಫುಟ್‌ಬಾಲ್ ತಂಡಕ್ಕೆ ಮುಖ್ಯ ಕೋಚುಗಳು ಬಂದರು, ಹೋದರು. ಒಬ್ಬ ಆಟಗಾರರ ಜೊತೆ ಜಗಳ ಮಾಡಿಕೊಂಡು ಹೋದ, ಇನ್ನೊಬ್ಬ ಕಾಲೇಜಿನವರ ಜೊತೆ. ಸಹಾಯಕ ಕೋಚ್ ಯುಜಿನ್ ಮಸ್ಕರೇನಸ್ ಮಾತ್ರ ಕದಲಲಿಲ್ಲ. ಇಷ್ಟು ಕೇಳಿ ಅವನೇನೋ ಭಾರಿ ಗಟ್ಟಿಗ ಅಂದುಕೊಳ್ಳಬೇಡಿ. ಶುದ್ಧ ಪುಕ್ಕಲ. ಪುಕ್ಕಲನಾಗಿದ್ದಕ್ಕೇ ಅವನ ಕೆಲಸ ಉಳಿದಿತ್ತು.

ಮಂಗಳೂರಿನಲ್ಲಿ ಓದುವಾಗ ಅವನು ಕಾಲೇಜು ತಂಡದ ಎರಡನೇ ಗೋಲ್‌ಕೀಪರ್. ಆಟಕ್ಕಿಂತ ಬೆಂಚಿನ ಮೇಲೆ ಕೂತಿದ್ದೇ ಹೆಚ್ಚು. ದುಬೈಗೆ ಬಂದವನಿಗೆ ಮೊದಲು ಸಿಕ್ಕಿದ್ದು ಒಂದು ಹೋಟೆಲಿನ ಈಜುಕೊಳದ ಪಕ್ಕ ಸೀಟಿ ಹಿಡಿದು ನಿಲ್ಲುವ ಕೆಲಸ. ರಜೆಯ ದಿನ ಜುಮೇರಾ ಲೇಕ್ ಟವರ್ಸ್ ಎಂಬ ಬಡಾವಣೆಗೆ ಹೋಗಿ ಅಲ್ಲಿನ ಆಫೀಸಿನವರ ಮಕ್ಕಳಿಗೆ ಚೆಂಡು ಒದೆಯುವುದನ್ನು ಹೇಳಿಕೊಟ್ಟ. ಮಕ್ಕಳ ಅಮ್ಮಂದಿರಿಗೆ ಅವನ ಮೆತ್ತನೆಯ ಮಾತು ಹಿಡಿಸಿತು. ಅವರಲ್ಲೇ ಒಬ್ಬರು ಹೇಳಿದ್ದಕ್ಕೆ ಅವನು ತರಬೇತಿಯ ಸರ್ಟಿಫಿಕೇಟು ಮಾಡಿಕೊಂಡು, ಕೊನೆಗೆ ಈ ಕಾಲೇಜು ಸೇರಿದ. ಹೆಂಡತಿ ಲವಿನಾ, ಮಗ ಟ್ರೆವರ್ ಇಬ್ಬರೂ ಅವನ ವೀಸಾದ ಮೇಲೇ ಬಂದರು. ಅಂದಿನಿಂದ ಅವನ ಹೆದರಿಕೆ ಮೂರು ಪಟ್ಟಾಯಿತು. ತನ್ನ ಕೆಲಸ ಹೋದರೆ ಮೂವರೂ ಗಂಟುಮೂಟೆ ಕಟ್ಟಬೇಕು.

ಸಹಾಯಕನ ಕೆಲಸ ಎಂದರೆ ಚೆಂಡಿಗೆ ಗಾಳಿ ಹಾಕುವುದು, ಮೈದಾನದಲ್ಲಿ ಕೋನ್ ಇಡುವುದು ಎಂದು ಜನ ತಿಳಿಯುತ್ತಾರೆ. ಅದನ್ನು ಯಾರಾದರೂ ಮಾಡಿಯಾರು. ನಿಜವಾದ ಕೆಲಸ ಬೇರೆ. ಆಟಗಾರರು ತಮ್ಮ ನೋವನ್ನು ಮುಖ್ಯ ಕೋಚಿಗೆ ಹೇಳುವುದಿಲ್ಲ, ಸಹಾಯಕನಿಗೆ ಹೇಳುತ್ತಾರೆ. ಅದರಲ್ಲಿ ಎಷ್ಟನ್ನು ಮೇಲಕ್ಕೆ ದಾಟಿಸಬೇಕು ಎಂದು ಅವನು ಲೆಕ್ಕ ಹಾಕುತ್ತಾನೆ. ಯುಜಿನ್ ಈ ವಿದ್ಯೆಯಲ್ಲಿ ಪಳಗಿದ್ದ. ಮಂಡಿ ಹಿಡಿದುಕೊಂಡಿದೆ ಎಂದರೆ ‘ಸ್ವಲ್ಪ ಬಿಗಿ’ ಅನ್ನುತ್ತಿದ್ದ. ಹುಡುಗ ಮನೆಯ ನೆನಪಾಗಿ ಅತ್ತರೆ ‘ಇವತ್ತು ಮೂಡ್ ಇಲ್ಲ’ ಅನ್ನುತ್ತಿದ್ದ. ಮುಖ್ಯ ಕೋಚಿಗೆ ಕೆಟ್ಟ ಸುದ್ದಿ ಬೇಡ, ಕೆಟ್ಟ ಸುದ್ದಿ ತರುವ ಸಹಾಯಕನಂತೂ ಬೇಡವೇ ಬೇಡ.

ಈಗಿನ ಮುಖ್ಯ ಕೋಚ್ ಐರ್ಲೆಂಡಿನ ಕ್ಲಾರೆನ್ಸ್. ಒರಟ, ಆದರೆ ಕೆಟ್ಟವನಲ್ಲ. ತಂಡ ಈ ಸಲ ಅಂತರ ಕಾಲೇಜು ಫೈನಲ್ ತಲುಪಿತ್ತು. ತಲುಪಿಸಿದವನು ಅಹ್ಮದ್. ಸುಡಾನಿನಿಂದ ಬಂದ ಶಾಲಾ ಬಸ್ ಡ್ರೈವರೊಬ್ಬನ ಮಗ, ಅಲ್ ಐನ್‌ನಲ್ಲೇ ಹುಟ್ಟಿ ಬೆಳೆದವನು. ಫೈನಲ್ ದುಬೈಯಲ್ಲಿ. ಅವನ ಆಟ ನೋಡಿ ಸಂಬಳಕ್ಕೆ ಸೇರಿಸಿಕೊಳ್ಳಲು ಒಂದು ಕ್ಲಬ್ಬಿನವರು ಬರುವವರಿದ್ದರು.

ಅದೇ ಹೊತ್ತಿಗೆ ಅಹ್ಮದ್ ಜ್ವರ ಬಂದು ಮಲಗಿದ. ಎದ್ದು ಬಂದ ಮೊದಲ ದಿನ ಅಭ್ಯಾಸ ಮುಗಿದ ಮೇಲೆ ಯುಜಿನ್‌ನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಕೋಚ್, ಓಡಿದರೆ ಎದೆ ಮೇಲೆ ಯಾರೋ ಕೂತ ಹಾಗಾಗುತ್ತೆ. ಕ್ಲಾರೆನ್ಸ್‌ಗೆ ಹೇಳಬೇಡ.”

“ಡಾಕ್ಟರ ಹತ್ತಿರ ಹೋಗು.”

“ಫೈನಲ್ ಆಗಲಿ. ಆಮೇಲೆ ಹೋಗ್ತೀನಿ, ಖಲಾಸ್.”

ಯುಜಿನ್ ಎಂದಿನಂತೆ ಲೆಕ್ಕ ಹಾಕಿದ. “ಜ್ವರ ಬಂದಿತ್ತಲ್ಲ, ಸ್ವಲ್ಪ ಸುಸ್ತು,” ಎಂದು ಕ್ಲಾರೆನ್ಸ್‌ಗೆ ದಾಟಿಸಿದ. ಓಡಿದರೆ ಸುಸ್ತು ತಾನೇ ಹೋಗುತ್ತದೆ ಎಂದ ಕ್ಲಾರೆನ್ಸ್.

ಲವಿನಾ ಒಂದು ಕ್ಲಿನಿಕ್ಕಿನ ರಿಸೆಪ್ಶನ್ನಿನಲ್ಲಿ ಕೂರುವವಳು. ಊಟಕ್ಕೆ ಕೂತಾಗ ಗಂಡ ಬಾಯಿ ಬಿಟ್ಟದ್ದೇ ತಡ, ಅವಳು ಸೌಟು ಕೆಳಗಿಟ್ಟಳು.

“ಎಂತ ಸುಸ್ತು? ಎದೆ ಅಂತ ಹೇಳಿದ್ದಾನಲ್ಲ ಮಾರಾಯ್ರೆ! ಜ್ವರದ ಹಿಂದೆಯೇ ಎದೆ ನೋವು ಅಂದ್ರೆ ನಮ್ಮ ಡಾಕ್ಟ್ರು ಮನೆಗೆ ಹೋಗ್ಲಿಕ್ಕೇ ಬಿಡುದಿಲ್ಲ. ನಾಳೆ ಹೋಗಿ ಸೀದಾ ಹೇಳಿ.”

ಮರುದಿನ ಅವನು ಕ್ಲಾರೆನ್ಸ್‌ನ ಕೋಣೆಗೆ ಹೋದದ್ದು ನಿಜ. ಕ್ಲಾರೆನ್ಸ್ ತಲೆ ಎತ್ತಿ ನೋಡಿದ. ತನ್ನ ಕಾಂಟ್ರಾಕ್ಟು ಮುಂದುವರಿಸುವ ಮಾತು ಇದೇ ಮೇಜಿನ ಮೇಲೆ ಬರಬೇಕು ಎಂಬುದು ಯುಜಿನ್‌ಗೆ ನೆನಪಾಯಿತು. “ದುಬೈಯ ಮೈದಾನ ಚೆನ್ನಾಗಿದೆಯಂತೆ,” ಎಂದು ಹೇಳಿ ಹೊರಗೆ ಬಂದ. ಬಂದು ಗೋಡೆಗೆ ಒರಗಿ ನಿಂತ. ಆ ಹುಡುಗ ಓಡುತ್ತ ಓಡುತ್ತ ಬಿದ್ದುಬಿಟ್ಟರೆ? ಕಣ್ಣು ಮುಚ್ಚಿದರೂ ತೆರೆದರೂ ಅಹ್ಮದ್ ಹುಲ್ಲಿನ ಮೇಲೆ ಬೋರಲಾಗಿ ಬಿದ್ದಿರುವುದೇ ಕಾಣುತ್ತಿತ್ತು.

ಹೇಳುವ ಧೈರ್ಯವಿಲ್ಲದವನಿಗೆ ಉಪಾಯ ಹೊಳೆಯುತ್ತದೆ. ಆಟಗಾರರ ಸರ್ಕಾರಿ ಐಡಿ ಕಾರ್ಡುಗಳನ್ನು ಕೂಡಿಸಿ ಚೀಲದಲ್ಲಿ ಒಯ್ಯುವುದು ಸಹಾಯಕನ ಜವಾಬ್ದಾರಿ. ಮ್ಯಾಚಿಗೆ ಮುಂಚೆ ರೆಫರಿ ಕಾರ್ಡು ನೋಡುತ್ತಾನೆ, ಕಾರ್ಡಿಲ್ಲದವನಿಗೆ ಆಟವಿಲ್ಲ. ಫೈನಲ್ ದಿನ ಬೆಳಿಗ್ಗೆ ಯುಜಿನ್ ಅಹ್ಮದನ ಕಾರ್ಡನ್ನು ತೆಗೆದು ಸ್ಟೋರಿನ ಡ್ರಾಯರಿನಲ್ಲಿಟ್ಟ. ಬೈಸಿಕೊಂಡರಾಯಿತು. ಮರೆಗುಳಿ ಎಂದು ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಬಸ್ಸು ದುಬೈ ಮುಟ್ಟುವವರೆಗೂ ಅವನು ಯಾರ ಮುಖವನ್ನೂ ನೋಡಲಿಲ್ಲ.

ಅಂದುಕೊಂಡ ಹಾಗೇ ಆಯಿತು. ರೆಫರಿ ಅಹ್ಮದನ ಕಾರ್ಡು ಕೇಳಿದ, ಯುಜಿನ್ ಚೀಲ ಕೊಡವಿದ, ಕ್ಲಾರೆನ್ಸ್ ಇಡೀ ತಂಡದ ಎದುರು ಮೈಮೇಲೆ ಬಂದವನಂತೆ ಕೂಗಾಡಿದ. ಬೈಗುಳ ತಿಂದು ಅಷ್ಟು ಹಗುರಾದ ಮನುಷ್ಯನನ್ನು ಯಾರೂ ನೋಡಿರಲಾರರು.

ಆಗ ಅಹ್ಮದ್ ನಕ್ಕ. “ಮಾಫಿ ಮುಷ್ಕಿಲ್, ತೊಂದರೆಯಿಲ್ಲ ಕೋಚ್,” ಎಂದು ಮೊಬೈಲ್ ತೆಗೆದ. ಸರ್ಕಾರದ ಆ್ಯಪಿನಲ್ಲಿ ಕಾರ್ಡು ಹೊಳೆಯುತ್ತಿತ್ತು. ರೆಫರಿ ನೋಡಿ ತಲೆಯಾಡಿಸಿದ.

ಯುಜಿನ್‌ನ ಉಪಾಯ ಕೈಕೊಟ್ಟಿತು. ಎಲ್ಲರ ಜೇಬಿನಲ್ಲೂ ಇರುವ ಫೋನನ್ನೇ ಅವನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೈದಾನದಲ್ಲಿ ಹುಡುಗರು ಮೈ ಬಿಸಿ ಮಾಡಿಕೊಳ್ಳತೊಡಗಿದರು. ಅಹ್ಮದ್ ಒಂದು ಸುತ್ತು ಓಡಿದ, ನಿಂತ, ಬಗ್ಗಿ ಷೂ ಲೇಸ್ ಕಟ್ಟುವವನಂತೆ ಎದೆಗೆ ಕೈ ಒತ್ತಿದ. ಬೇರೆ ಯಾರೂ ಅದನ್ನು ಗಮನಿಸಲಿಲ್ಲ.

“ಅವನನ್ನು ಆಡಿಸಬೇಡಿ.”

ದನಿ ಎಷ್ಟು ಸಣ್ಣಗಿತ್ತೆಂದರೆ ಯುಜಿನ್ ಮತ್ತೆ ಹೇಳಬೇಕಾಯಿತು. ಎರಡನೇ ಸಲ ರೆಫರಿಗೂ ಕೇಳಿಸಿತು. “ಅವನಿಗೆ ಎದೆ ನೋವಿದೆ. ನನ್ನ ಹತ್ತಿರ ಹೇಳಿದ್ದಾನೆ.”

“ಸುಳ್ಳು!” ಅಹ್ಮದ್ ಓಡಿ ಬಂದ. “ನಾನು ಹಾಗೆ ಹೇಳೇ ಇಲ್ಲ.”

ಕ್ಲಾರೆನ್ಸ್ ಯುಜಿನ್‌ನ ಕಡೆ ತಿರುಗಿದ. “ನೀನು ಸುಸ್ತು ಅಂದೆ.”

“ಹೆದರಿ ಹಾಗಂದೆ. ಕಾರ್ಡು ಮರೆತದ್ದೂ ಅಲ್ಲ. ಬೇಕೆಂದೇ ಬಿಟ್ಟು ಬಂದೆ.”

ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಅರ್ಥ ಅವನಿಗೇ ತಿಳಿಯಿತು. ಎದೆನೋವು ಎಂಬ ಮಾತು ರೆಫರಿಯ ಕಿವಿಗೆ ಬಿದ್ದ ಮೇಲೆ ಅಹ್ಮದನನ್ನು ಆಡಿಸುವಂತಿರಲಿಲ್ಲ. ಮೈದಾನದ ಆಂಬುಲೆನ್ಸಿನಲ್ಲೇ ಆಸ್ಪತ್ರೆಗೆ ಕಳಿಸುವುದೆಂದಾಯಿತು. “ನೀನೂ ಹೋಗು,” ಎಂದ ಕ್ಲಾರೆನ್ಸ್. “ಅವನಿಗೆ ಏನೂ ಆಗಿಲ್ಲ ಅಂತ ಡಾಕ್ಟರು ಹೇಳಿದರೆ ಕಾಲೇಜಿಗೆ ಮತ್ತೆ ಕಾಲಿಡಬೇಡ.”

ದಾರಿಯುದ್ದಕ್ಕೂ ಅಹ್ಮದ್ ಮುಖ ಆಚೆ ತಿರುಗಿಸಿ ಮಲಗಿದ್ದ. ಒಮ್ಮೆ ಮಾತ್ರ, “ನನ್ನ ಅನ್ನ ಕಿತ್ತುಕೊಂಡೆ,” ಅಂದ.

ಅವನನ್ನು ಒಳಗೆ ಕರೆದುಕೊಂಡು ಹೋದರು. ಯುಜಿನ್ ಹೊರಗೆ ಕೂತ. ಲವಿನಾಗೆ ಫೋನ್ ಮಾಡಲು ಕೈ ಬರಲಿಲ್ಲ. ಟ್ರೆವರ್‌ನ ಶಾಲೆ, ಮನೆ, ವೀಸಾ ಎಲ್ಲವೂ ಆ ಬಾಗಿಲಿನ ಹಿಂದೆ ಒಬ್ಬ ಹುಡುಗನ ಎದೆಯಲ್ಲಿ ಸಿಕ್ಕಿಕೊಂಡಿದ್ದವು. ಜೇಬಿನಲ್ಲಿದ್ದ ಜಪಮಾಲೆಯನ್ನು ಗಟ್ಟಿಯಾಗಿ ಹಿಡಿದು ತುಟಿಯಾಡಿಸತೊಡಗಿದ. ತಾನು ಏನನ್ನು ಬೇಡುತ್ತಿದ್ದೇನೆ ಎಂದು ತಿಳಿಯಲು ಅವನಿಗೇ ಸ್ವಲ್ಪ ಹೊತ್ತು ಹಿಡಿಯಿತು. ಏನಾದರೂ ಸಿಗಲಿ ದೇವರೇ, ಅವನ ಎದೆಯಲ್ಲಿ ಏನಾದರೂ ಇರಲಿ ಎಂದು ಬೇಡುತ್ತಿದ್ದ.

ತಿಳಿದದ್ದೇ ಬೆಚ್ಚಿಬಿದ್ದ. ಕೆಲಸ, ಕ್ಲಾರೆನ್ಸ್, ವೀಸಾ ಯಾವುದಕ್ಕೂ ಅವನು ಇಷ್ಟು ಹೆದರಿದ್ದಿಲ್ಲ. ಏನೂ ಇಲ್ಲದಿರಲಿ, ನಾನು ಊರಿಗೆ ಹೋಗುತ್ತೇನೆ ಎಂದು ಬೇಡಿಕೊಳ್ಳಲು ನೋಡಿದ. ಮಾತು ಹೇಳಿದ ಹಾಗೇ ಬಂತು, ಮನಸ್ಸು ಜೊತೆಗೆ ಬರಲಿಲ್ಲ.

ಎರಡು ಗಂಟೆ ಕಳೆದ ಮೇಲೆ, ಸುದ್ದಿ ತಿಳಿದ ಅಹ್ಮದನ ಅಪ್ಪ ಬಸ್ಸಿನ ಡ್ರೈವರ್ ಸಮವಸ್ತ್ರದಲ್ಲೇ ಊರಿನಿಂದ ಓಡಿ ಬಂದ. ಹಿಂದೆಯೇ ಡಾಕ್ಟರು ಹೊರಬಂದು ಇಬ್ಬರಿಗೂ ವಿವರಿಸಿದರು. ಜ್ವರದ ಸೋಂಕು ಹೃದಯದ ಸ್ನಾಯುವಿಗೆ ಇಳಿದಿದೆ. ಇವತ್ತು ಆಡಿದ್ದರೆ ಮೈದಾನದಲ್ಲೇ ಹೃದಯ ನಿಲ್ಲಬಹುದಿತ್ತು, ಈ ಕೋಚ್ ತಡೆದದ್ದು ಒಳ್ಳೆಯದಾಯಿತು. ಹುಡುಗ ಉಳಿಯುತ್ತಾನೆ, ತಿಂಗಳುಗಟ್ಟಲೆ ವಿಶ್ರಾಂತಿ ಬೇಕು. ಮತ್ತೆ ಆಡುವ ಮಾತು ಈಗಲೇ ಬೇಡ.

ಯುಜಿನ್‌ನ ಎದೆಯಿಂದ ದೊಡ್ಡದೊಂದು ಭಾರ ಇಳಿಯಿತು. ಇಳಿದದ್ದು ಯಾವ ಭಾರವೆಂದು ಅವನಿಗೆ ಗೊತ್ತಿತ್ತು.

ಆ ಅಪ್ಪ ಅವನನ್ನು ಬಾಚಿ ತಬ್ಬಿಕೊಂಡ, ಹಣೆಗೆ ಮುತ್ತಿಟ್ಟ. ಅವನ ಕೈಯಲ್ಲಿದ್ದ ಜಪಮಾಲೆ ನೋಡಿ, ನನ್ನ ಮಗನಿಗಾಗಿ ಬೇಡಿಕೊಂಡೆಯಾ ಎಂದು ಅಲ್ಲಿನವರಾಡುವ ಮುರುಕು ಹಿಂದಿಯಲ್ಲಿ ಕೇಳಿದ: “ಮೇರಾ ಬೇಟಾಕೇ ಲಿಯೇ ದುವಾ ಕಿಯಾ?”

“ಹೌದು,” ಎಂದ ಯುಜಿನ್ ಕನ್ನಡದಲ್ಲೇ, ಭಾಷೆ ಯಾವುದೆಂದು ಮರೆತು. ಅಪ್ಪನಿಗೆ ಅರ್ಥವಾಯಿತು. ಅಳುತ್ತ ಮತ್ತೆ ಮತ್ತೆ ತಬ್ಬಿಕೊಂಡ. ಯುಜಿನ್ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದ. ಏನೆಂದು ಬೇಡಿಕೊಂಡೆ ಎಂದು ಆ ಮನುಷ್ಯ ಕೇಳಲಿಲ್ಲ.